ಬೆನಕಪ್ಪನವರ ಕೈ

ಕಡೂರಿನ ಕೊಬ್ಬರಿ ವ್ಯಾಪಾರಿ ಬೆನಕಪ್ಪನವರ ಎಡಗೈ ಎಲ್ಲರ ಎಡಗೈಯಂತೆಯೇ ಇತ್ತು. ಬಲಗೈ ಜೊತೆ ಮಾತ್ರ ಮರ ಮಾತಾಡುತ್ತದೆ ಎಂದು ಊರು ನಂಬಿತ್ತು. ಯಾರೇ ಹೊಸ ಮನೆ ಕಟ್ಟಲಿ, ಬಾಗಿಲು ನಿಲ್ಲಿಸುವ ಮೊದಲು ಅವರನ್ನು ಕರೆಸಬೇಕು. ಅವರು ಬಂದು, ಶಲ್ಯ ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಅಂಗೈಯನ್ನು ಚೌಕಟ್ಟಿನ ಮೇಲೆ ನಿಧಾನಕ್ಕೆ ಎಳೆಯುವರು. ಆಮೇಲೆ ಒಂದೇ ಮಾತು. "ಜೀವ ಐತೆ" ಅಂದರೆ ಮನೆಯವರಿಗೆ ಹಬ್ಬ. "ಜೀವ ಇಲ್ಲ" ಅಂದರೆ ಆ ಬಾಗಿಲು ದನದ ಕೊಟ್ಟಿಗೆಗೆ.

ಈ ಕೀರ್ತಿ ಹುಟ್ಟಿದ ಬಗೆ ದೊಡ್ಡದೇನಲ್ಲ. ಹರೆಯದಲ್ಲಿ ಸಿಂಗಟಗೆರೆಯ ನೆಂಟರ ಮನೆಗೆ ಹೋಗಿದ್ದಾಗ ಅವರು ಹೊಸ ಬಾಗಿಲನ್ನು ಸವರಿ "ಇದು ಹಲಸು" ಅಂದಿದ್ದರು. ಅದು ಹಲಸೇ ಆಗಿತ್ತು. ಅಂಗಳದಲ್ಲಿ ಆಗತಾನೇ ಕಡಿದ ಹಲಸಿನ ಬೊಡ್ಡೆ ಇನ್ನೂ ಅಂಟು ಸುರಿಸುತ್ತಾ ನಿಂತಿತ್ತು, ಅದನ್ನು ದಾಟಿಕೊಂಡೇ ಅವರು ಒಳಗೆ ಬಂದಿದ್ದರು. ಆ ಬೊಡ್ಡೆಯನ್ನು ಎಲ್ಲರೂ ಮರೆತರು. ಮೊದಲು ಮರೆತವರು ಬೆನಕಪ್ಪನವರೇ. ಐವತ್ತು ದಾಟುವ ಹೊತ್ತಿಗೆ ಅವರು ತಮ್ಮ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ಗೌರವದಿಂದ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು.

ಅವರ ಒಬ್ಬನೇ ಮಗ ಬಸವರಾಜ. ಸಹಕಾರ ಸಂಘದಲ್ಲಿ ಗುಮಾಸ್ತ. ಅಪ್ಪ ಹೇಳಿದ್ದನ್ನೇ ಸ್ವಲ್ಪ ಸಣ್ಣ ದನಿಯಲ್ಲಿ ಮತ್ತೆ ಹೇಳುವುದು ಬಿಟ್ಟರೆ ಬೇರೆ ದುರಭ್ಯಾಸವಿಲ್ಲದವನು. ಎಪ್ಪತ್ತೆಂಟರ ಮಾಘದಲ್ಲಿ ಅವನಿಗೆ ಶಿವನಿಯ ಈರಭದ್ರಪ್ಪನವರ ಮಗಳು ವಿಮಲಮ್ಮನನ್ನು ತಂದರು. ಹುಡುಗಿ ತರೀಕೆರೆಯಲ್ಲಿ ಪಿಯುಸಿವರೆಗೆ ಓದಿದ್ದಳು. ಮಾತು ಕಡಿಮೆ. ಆದರೆ ಯಾರಾದರೂ ದಡ್ಡ ಮಾತಾಡಿದರೆ ಅವಳ ಮೇಲ್ದುಟಿಯ ಒಂದು ಮೂಲೆ ಸ್ವಲ್ಪ ಮೇಲೇಳುತ್ತಿತ್ತು. ಹೆಣ್ಣು ನೋಡಲು ಬಂದವರು ಅದನ್ನು ನಗು ಎಂದುಕೊಂಡು ಒಪ್ಪಿ ಹೋದರು.

ಮಗಳಿಗೆ ಮಂಚ ಕೊಡಬೇಕೆಂದು ಈರಭದ್ರಪ್ಪ ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅವರ ಅಪ್ಪನ ಕಾಲದ ಮನೆ ಬಿಚ್ಚಿದಾಗ ಸಿಕ್ಕ ತೇಗದ ತೊಲೆಗಳನ್ನು ಮಾರದೆ, ಗೆದ್ದಲು ಹತ್ತದಂತೆ ಅಟ್ಟದ ಮೇಲೆ ಕಾಪಾಡಿದ್ದರು. ಬಡಗಿಯನ್ನು ಮನೆಗೇ ಕರೆಸಿ, ತಾವೇ ಮುಂದೆ ಕೂತು ಆ ತೊಲೆಗಳಿಂದ ಮಂಚ ಮಾಡಿಸಿದರು. ಹಲಗೆ ಸೀಳುವಾಗ ಮೂಗಿಗೆ ಬಡಿದ ವಾಸನೆಗೆ ತಮ್ಮ ಅಪ್ಪ ಎದ್ದು ಬಂದಂತಾಯಿತು ಎಂದು ಹೆಂಡತಿಯ ಹತ್ತಿರ ಹೇಳಿಕೊಂಡು ಕಣ್ಣೊರೆಸಿಕೊಂಡರಂತೆ. ಕೊನೆಗೆ ಮುಖ ಕಾಣುವಷ್ಟು ದಪ್ಪಗೆ ಪಾಲಿಶ್ ಹೊಡೆಸಿದರು. ಎಲ್ಲಾ ಮಾಡಿದವರು ಒಂದನ್ನು ಮರೆತರು. ಮರ ಸೀಳಿಸುವ ಮೊದಲು ಬೀಗರನ್ನು ಕರೆಸಿ ಕೈ ಇಡಿಸಬೇಕಿತ್ತು.

ಮದುವೆಯ ದಿನ ಬೆಳಗಿನ ಜಾವಕ್ಕೆ ಮಂಚ ಟ್ರ್ಯಾಕ್ಟರಿನಲ್ಲಿ ಕಡೂರಿನ ಛತ್ರದ ಮುಂದೆ ಬಂದಿಳಿಯಿತು. ದಾರಿಯುದ್ದಕ್ಕೂ ಮಂಜಿನಲ್ಲಿ ನೆನೆದಿತ್ತು. ಆ ಹೊತ್ತಿನಲ್ಲಿ ಮುಟ್ಟಿದ್ದೆಲ್ಲ ತಣ್ಣಗಿತ್ತು, ಬೀಗರ ಮೂಗಿನ ತುದಿಯೂ ಸೇರಿ. ಬೆನಕಪ್ಪನವರು ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದರು. ಜನ ದಾರಿ ಬಿಟ್ಟರು. ಕಣ್ಣು ಮುಚ್ಚಿ ತಲೆಕಡೆಯ ಹಲಗೆಯ ಮೇಲೆ ಕೈ ಎಳೆದರು. ಮತ್ತೊಮ್ಮೆ ಎಳೆದರು.

"ಪ್ಲೈವುಡ್ಡು," ಅಂದರು. "ಹೆಣ ಮುಟ್ಟಿದಂಗೈತೆ."

ಆಗ ಕಡೂರಿನಲ್ಲಿ ಪ್ಲೈವುಡ್ ಎಂಬ ಹೆಸರು ಕೇಳಿದವರಿಗಿಂತ ಅದನ್ನು ಕಂಡವರು ಕಡಿಮೆ. ಆದರೂ ನೆರೆದವರೆಲ್ಲ ಒಬ್ಬೊಬ್ಬರಾಗಿ ಬಂದು ಮಂಚ ಮುಟ್ಟಿದರು, ಒಬ್ಬೊಬ್ಬರಾಗಿ ಕೈ ಹಿಂದಕ್ಕೆ ಎಳೆದುಕೊಂಡರು. ಒಬ್ಬರಿಗೆ ಅದು ಗಾಜಿನಂತೆ ಜಾರಿತು. ಇನ್ನೊಬ್ಬರಿಗೆ ತಗಡಿನಂತೆ ಕೊರೆಯಿತು. ಯಗಟಿಯಿಂದ ಬಂದಿದ್ದ ಒಬ್ಬ ಹಿರಿಯರು ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಟೊಳ್ಳು ಕೇಳುತ್ತೆ ಎಂದರು. ಅವರಿಗೆ ಎದುರಿಗಿದ್ದವರ ಮಾತೇ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಬೆನಕಪ್ಪನವರು ಬೇಕೆಂದೇ ಸುಳ್ಳು ಹೇಳಿದರು ಎಂದುಕೊಳ್ಳುವುದು ಬೇಡ. ಸುಳ್ಳು ಹೇಳಲು ಸತ್ಯ ಗೊತ್ತಿರಬೇಕು. ತಮ್ಮನ್ನು ಕೇಳದೆ ಮಾಡಿಸಿದ ಮಂಚ ಎಂದು ಅವರ ಮನಸ್ಸು ಮೊದಲೇ ಮುನಿದಿತ್ತು, ಕೈ ಮನಸ್ಸಿನ ಮಾತು ಕೇಳಿತು, ಅಷ್ಟೇ. ಈರಭದ್ರಪ್ಪ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ವಾಲಗದವರು ಶುರುಮಾಡಿದರು. ಅವರು ಬಾಯಿ ಮುಚ್ಚಿಕೊಂಡು ಧಾರೆಗೆ ಹೋಗಿ ಕೂತರು. ಬೀಗರ ಮನೆಯ ಹೊಸ್ತಿಲು ಮಾತ್ರ ಮತ್ತೆಂದೂ ತುಳಿಯಲಿಲ್ಲ.

ಮಂಚವನ್ನು ಕೊಬ್ಬರಿ ಉಗ್ರಾಣದ ಪಕ್ಕದ ಕೋಣೆಗೆ ಹಾಕಿದರು. ಹೊಸ ಗಂಡ ಬಸವರಾಜ ಅದರ ಮೇಲೆ ಮಲಗಿದ ಮಾರನೆಯ ದಿನವೇ ಬೆನ್ನಿಗೆ ತಣ್ಣಗೆ ಹಿಡಿಯುತ್ತೆ ಎಂದು ಸೊಂಟ ಹಿಡಿದುಕೊಂಡು ಓಡಾಡಿದ. ನಡುವೆ ಹತ್ತಿಯ ಹಾಸಿಗೆ ಇರುವಾಗ ಮರದ ತಂಪು ಬೆನ್ನಿಗೆ ಹೇಗೆ ಬರುತ್ತದೆ ಎಂದು ವಿಮಲಮ್ಮ ಕೇಳಿದಳು. ಅದು ಅಪ್ಪಾಜಿಗೆ ಗೊತ್ತಿರುತ್ತೆ ಎಂದು ಅವನು ಹೇಳಿದ. ಕೆಲವು ದಿನ ಕೆಳಗೆ ಚಾಪೆ ಹಾಸಿಕೊಂಡ. ಆಮೇಲೆ ಮೇಲೆಯೇ ಮಲಗಿ, ಬೆಳಗ್ಗೆ ಅಪ್ಪ ಏಳುವ ಮೊದಲು ಕೆಳಗೇ ಮಲಗಿದ್ದಂತೆ ಚಾಪೆ ಬಿಡಿಸಿ ಇಡುವುದನ್ನು ಕಲಿತ. ವಿಮಲಮ್ಮ ಆ ಚಾಪೆಯನ್ನು ನೋಡುತ್ತಾ, ಇಷ್ಟು ಉಪಾಯ ಬಲ್ಲವನು ಒಂದು ಮಾತು ಆಡಬಾರದಾಗಿತ್ತೇ ಎಂದುಕೊಳ್ಳುತ್ತಿದ್ದಳು. ಮನೆಗೆ ಬಂದ ಹೆಂಗಸರು ಕೋಣೆಗೆ ಇಣುಕಿ, ಮಂಚ ಮುಟ್ಟಿ, ಸೆರಗಿಗೆ ಕೈ ಒರೆಸಿಕೊಂಡು ಹೋಗುತ್ತಿದ್ದರು. ಅತ್ತೆ ತೀರ್ಥಮ್ಮ ನೋಡಿಯೂ ನೋಡದಂತೆ ಅಕ್ಕಿ ಆರಿಸುತ್ತಾ ಕೂರುತ್ತಿದ್ದರು.

ಇದನ್ನೆಲ್ಲ ವಿಮಲಮ್ಮ ಸಹಿಸಿಕೊಂಡಳು. ಅವಳಿಗೆ ತಡೆಯಲಾಗದೆ ಹೋದದ್ದು ಶಿವನಿಯಲ್ಲಿ ನಡೆದದ್ದು. ಮೊದಲ ಗೌರಿಹಬ್ಬಕ್ಕೆ ತವರಿಗೆ ಹೋದಾಗ ಈರಭದ್ರಪ್ಪ ಜಗಲಿಯಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ತೊಲೆಯ ತುಂಡೊಂದು ಉಳಿದಿತ್ತು, ಅದರ ಮೇಲೆ ದಿನಾ ಕೈಯಿಟ್ಟು ನೋಡುತ್ತಿದ್ದೇನೆ ಎಂದರು. ಆಮೇಲೆ ದನಿ ತಗ್ಗಿಸಿ, "ತಣ್ಣಗೇ ಐತೆ ಕಣವ್ವಾ. ಬಡಗಿ ಏನಾರ ಮೋಸ ಮಾಡಿದ್ನೇನೋ," ಅಂದರು.

ವಿಮಲಮ್ಮ ಅಪ್ಪನ ಮುಖ ನೋಡಿದಳು. ತೊಲೆ ಇಳಿಸುವಾಗ ಹೆಗಲು ಕೊಟ್ಟವರು ಇವರೇ. ಸೀಳುವಾಗ ಎದುರಿಗೆ ಕೂತವರು ಇವರೇ. ಕಣ್ಣಲ್ಲಿ ಕಂಡದ್ದು, ಮೂಗಲ್ಲಿ ಹಿಡಿದದ್ದು, ಹೆಗಲು ನೊಂದದ್ದು ಎಲ್ಲ ಹೋಗಿ ಬೆನಕಪ್ಪನವರ ಕೈಯೊಂದೇ ಉಳಿದಿತ್ತು.

"ಅಪ್ಪಯ್ಯ, ನಿಮ್ಮಪ್ಪ ಕಟ್ಟಿದ ಮನೆ ಪ್ಲೈವುಡ್ಡಿಂದಾ?" ಎಂದು ಕೇಳಿದಳು.

ಅವರು ತಲೆ ತಗ್ಗಿಸಿದರು. ಮಾವನ ಮನೆಯವರ ಮೇಲಿದ್ದ ತಾತ್ಸಾರಕ್ಕಿಂತ ಹೆಚ್ಚಿನದು ಆ ಕ್ಷಣಕ್ಕೆ ತನ್ನ ಅಪ್ಪನ ಮೇಲೆ ಉಕ್ಕಿ ಬಂದು ವಿಮಲಮ್ಮನಿಗೆ ಗಾಬರಿಯಾಯಿತು. ಹಬ್ಬ ಮುಗಿಯುವ ಮೊದಲೇ ಅವಳು ರೈಲು ಹತ್ತಿ ಕಡೂರಿಗೆ ವಾಪಸಾದಳು.

ಕೆಲವು ವರ್ಷ ಕಳೆದವು. ಎಂಬತ್ತಮೂರರಲ್ಲಿ ತರೀಕೆರೆಯಲ್ಲಿ ಸೋಮಶೇಖರಪ್ಪ ಎಂಬುವರು ಹೊಸದಾಗಿ ಪೀಠೋಪಕರಣದ ಅಂಗಡಿ ತೆರೆದರು. ಬೆನಕಪ್ಪನವರ ಕೈಯ ವಿಚಾರ ಅವರಿಗೆ ತಿಳಿದಿತ್ತು. ಅಂಥ ಕೈ ಒಮ್ಮೆ ತಮ್ಮ ಅಂಗಡಿಯ ಮೇಲೆ ಬಿದ್ದರೆ ಕಡೂರಿನ ಅರ್ಧ ಗಿರಾಕಿ ತಮ್ಮವರೇ ಎಂಬುದೂ ತಿಳಿದಿತ್ತು. ಹೇಳಿ ಕಳಿಸಿದರು. ಬೆನಕಪ್ಪನವರು ಮಗನನ್ನು ಕರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಹೋದರು. ಅಂಗಡಿಯ ಮುಂಭಾಗದಲ್ಲಿ, ಬಿಸಿಲು ನೇರ ಬೀಳುವ ಜಾಗದಲ್ಲಿ, ಒಂದು ದೊಡ್ಡ ಊಟದ ಮೇಜು ಇಟ್ಟಿತ್ತು. ಕಪ್ಪು ಕಂದು ಬಣ್ಣ, ಮೇಲೆ ಅಲೆಅಲೆಯಾದ ಗೆರೆ. ಸೋಮಶೇಖರಪ್ಪ ಏನನ್ನೂ ಹೊಗಳಲಿಲ್ಲ. ಹಳೇ ಬೀಟೆ, ನಿಮ್ಮ ಕೈಗೆ ನಾನೇನು ಹೇಳಲಿ ಎಂದು ಪಕ್ಕಕ್ಕೆ ಸರಿದರು.

ಬೆನಕಪ್ಪನವರು ಕಣ್ಣು ಮುಚ್ಚಿ ಕೈಯಿಟ್ಟರು. ಬೆಳಗಿನಿಂದ ಕಾದಿದ್ದ ಮೇಜು ಬೆಚ್ಚಗಿತ್ತು. ಅವರ ಮುಖ ಅರಳಿತು. "ಜೀವ ಐತೆ," ಅಂದರು. ಅಪ್ಪಾಜಿ, ಜೀವ ಐತೆ ಎಂದು ಬಸವರಾಜನೂ ಹೇಳಿದ.

ಮೇಜು ಕಡೂರಿಗೆ ಬಂತು. ಅದನ್ನು ಒರೆಸುವ ಕೆಲಸ ವಿಮಲಮ್ಮನದು. ಎರಡನೆಯ ದಿನ ಒರೆಸುತ್ತಿರುವಾಗ ಅವಳಿಗೆ ಒಂದು ಗಂಟು ಕಂಡಿತು. ಸ್ವಲ್ಪ ಆಚೆ ಅದೇ ಗಂಟು, ಅದೇ ಬಾಲ. ಇನ್ನೂ ಆಚೆ ಮತ್ತೆ ಅದೇ. ಅವಳು ಬಗ್ಗಿ ಅಡಿ ನೋಡಿದಳು. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ, ಮೇಲೆ ಬೀಟೆಯ ಚಿತ್ರ ಅಚ್ಚು ಹಾಕಿದ ಮೈಕಾ ಹಾಳೆ. ಅವಳ ಮೇಲ್ದುಟಿಯ ಮೂಲೆ ಮೇಲೆದ್ದಿತು. ಯಾರಿಗೂ ಹೇಳಲಿಲ್ಲ. ಬಂದವರೆಲ್ಲ ಆ ಮೇಜಿಗೆ ಕೆನ್ನೆ ತಾಗಿಸುವುದೊಂದು ಬಾಕಿ. ಎಷ್ಟು ಬೆಚ್ಚಗಿದೆ, ಮಗುವಿನ ಮೈಯಂತಿದೆ, ನಿಜವಾದ ಮರ ಅಂದರೆ ಇದು ಎಂದು ಸವರುತ್ತಿದ್ದರು. ಊಟಕ್ಕೆ ಮಾತ್ರ ಎಲ್ಲರೂ ಕೆಳಗೇ ಕೂರುತ್ತಿದ್ದರು, ಮೇಜು ಹಾಳಾದೀತೆಂದು.

ಮರುವರ್ಷ ಬಸವ ಜಯಂತಿಯ ದಿನ ಮನೆತುಂಬ ನೆಂಟರು. ಯಾರೋ ನೀರಿನ ಕೊಳದಪ್ಪಲೆಯನ್ನು ಮೇಜಿನ ಮೂಲೆಗೆ ಇಟ್ಟಿದ್ದರು. ಅದು ಬೆಳಗಿನಿಂದ ಒಸರುತ್ತಿತ್ತು. ಊಟ ಮುಗಿದು ಎಲೆ ಅಡಿಕೆಗೆ ಎಲ್ಲರೂ ಕೂತಾಗ ನೋಡಿದರೆ ಮೇಜಿನ ಆ ಮೂಲೆ ಹುಳಿ ಹಿಟ್ಟಿನಂತೆ ಉಬ್ಬಿ, ಮೇಲಿನ ಹಾಳೆ ಬಾಯಿಬಿಟ್ಟು, ಒಳಗಿಂದ ರವೆಯಂಥ ಪುಡಿ ಉದುರುತ್ತಿತ್ತು. ಎಲ್ಲರೂ ಬೆನಕಪ್ಪನವರ ಕಡೆ ನೋಡಿದರು. ಅವರು ಎದ್ದು ಬಂದು ಉಬ್ಬಿದ ಜಾಗದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಹಳೇ ಬೀಟೆ ಇನ್ನೂ ಉಸಿರಾಡುತ್ತಿದೆ, ನೀರು ಕಂಡರೆ ಕುಡಿಯುತ್ತದೆ, ಸತ್ತ ಮರ ಆಗಿದ್ದರೆ ಹೀಗೆ ಉಬ್ಬುತ್ತಿರಲಿಲ್ಲ ಎಂದು ವಿವರಿಸಿದರು. ನೆಂಟರು ಉಸಿರು ಬಿಟ್ಟರು. ಒಬ್ಬರು ಬೆರಳಿಂದ ಒತ್ತಿ ನೋಡಿ, ಹೌದು, ಉಸಿರಾಡುತ್ತೆ ಎಂದೂ ಅಂದರು.

ವಿಮಲಮ್ಮ ಉಂಡ ಎಲೆ ತೆಗೆಯುತ್ತಿದ್ದವಳು ಕೈ ತೊಳೆದುಕೊಂಡು ಬಂದಳು. ಉದುರಿದ ಪುಡಿಯನ್ನು ಹಿಡಿಯಲ್ಲಿ ಎತ್ತಿಕೊಂಡು ಮಾವನ ಮುಂದೆ ಚಾಚಿದಳು.

"ಮಾವ, ಇದು ಮರದ ಪುಡಿ. ಅಂಟು ಹಾಕಿ ಒತ್ತವ್ರೆ. ಬೀಟೆ ಅಲ್ಲ."

ಬೆನಕಪ್ಪನವರು ಪುಡಿಯನ್ನು ಮುಟ್ಟಿಯೇ ನೋಡಿದರು. "ಪುಡಿ ಆದ್ರೇನವ್ವಾ, ಬೀಟೆ ಪುಡಿನೇ ಅಲ್ವಾ," ಅಂದರು. ಗಂಡಸರು ಮೆಚ್ಚಿ ನಕ್ಕರು. ಬಸವರಾಜ ಹೆಂಡತಿಗೆ ಒಳಗೆ ಹೋಗುವಂತೆ ಕಣ್ಸನ್ನೆ ಮಾಡಿದ.

ಅವಳು ಒಳಗೆ ಹೋದಳು. ಉಗ್ರಾಣದಿಂದ ಗರಗಸ ತೆಗೆದುಕೊಂಡು ತನ್ನ ಕೋಣೆಗೆ ಹೋಗಿ, ಮಂಚದ ತಲೆಕಡೆಯ ಒಂದು ಕಂಬಕ್ಕೆ ಹಲ್ಲು ಕೊಟ್ಟಳು. ಸದ್ದು ಕೇಳಿ ಎಲ್ಲರೂ ಬಾಗಿಲಿಗೆ ಬಂದು ನಿಂತರು. ತಡೆಯಲು ಯಾರೂ ಮುಂದೆ ಬರಲಿಲ್ಲ. ಗರಗಸ ಹಿಡಿದ ಸೊಸೆಯನ್ನು ತಡೆಯುವುದು ಹೇಗೆಂದು ಯಾರಿಗೂ ಅಭ್ಯಾಸವಿರಲಿಲ್ಲ. ಅವಳ ಕೈಗೂ ಅಭ್ಯಾಸವಿರಲಿಲ್ಲ. ಗರಗಸ ಸಿಕ್ಕಿಕೊಳ್ಳುತ್ತಿತ್ತು, ಬಳೆ ಒಡೆಯಿತು, ಹಣೆಯ ಬೆವರು ಕಣ್ಣಿಗಿಳಿಯಿತು. ಕಂಬದ ತುದಿ ಕಡೆಗೂ ಕಳಚಿ ನೆಲಕ್ಕೆ ಬಿತ್ತು. ಒಳಗೆ ಜೇನಿನ ಬಣ್ಣ. ಕೋಣೆಯ ಕೊಬ್ಬರಿ ವಾಸನೆಯನ್ನು ಒತ್ತರಿಸಿ ತೇಗದ ವಾಸನೆ ಹರಡಿತು. ಯಗಟಿಯ ಆ ಕಿವಿ ಕೇಳದ ಹಿರಿಯರು ಮೂಗೆಳೆದು, ಅನುಮಾನವಿಲ್ಲ, ಇದು ತೇಗವೇ ಎಂದುಬಿಟ್ಟರು. ಅಲ್ಲಿಯವರೆಗೆ ಪಡಸಾಲೆಯಲ್ಲಿ ಆಡಿದ ಮಾತೊಂದೂ ಅವರಿಗೆ ಕೇಳಿಸಿರಲಿಲ್ಲ.

ವಿಮಲಮ್ಮ ಆ ತುಂಡನ್ನು ಮಾವನ ಬಲಗೈಗೆ ಕೊಟ್ಟಳು. ಬೆನಕಪ್ಪನವರು ಅದನ್ನು ತಿರುಗಿಸಿ, ಸವರಿ, ಮೂಸಿ ನೋಡಿದರು. ಅವರ ಮುಖದಲ್ಲಿ ಒಂದು ಗಳಿಗೆ ಏನೋ ಅಲ್ಲಾಡಿದಂತಾಯಿತು. ಆಮೇಲೆ ಅದು ಎಂದಿನ ಮುಖವೇ ಆಯಿತು.

"ಕಂಬ ತೇಗ ಕಣವ್ವಾ, ನಾನೇನು ಇಲ್ಲ ಅಂದ್ನಾ? ಅವತ್ತು ನಾನು ಕೈ ಇಟ್ಟಿದ್ದು ಹಲಗೆ ಮ್ಯಾಲೆ. ಹಲಗೆ ಪ್ಲೈವುಡ್ಡು."

ನೆಂಟರ ನಡುವೆ ತಲೆಗಳು ಆಡಿದವು. ಹೌದಲ್ಲ, ಅವತ್ತು ಹಲಗೆಯ ಮೇಲೇ ಇಟ್ಟದ್ದು ಎಂದು ಒಂದಿಬ್ಬರಿಗೆ ನೆನಪೂ ಆಯಿತು. ವಿಮಲಮ್ಮ ಗರಗಸವನ್ನು ಹಲಗೆಯ ಅಂಚಿಗೆ ತಾಗಿಸಿದಳು. ತಾಗಿಸಿದವಳು ಹಾಗೇ ನಿಂತಳು. ಹಲಗೆ ಕೊಯ್ದರೆ ಅಡಿಪಟ್ಟಿ ಅನ್ನುತ್ತಾರೆ. ಅಡಿಪಟ್ಟಿ ಕೊಯ್ದರೆ ಕಾಲು ಅನ್ನುತ್ತಾರೆ. ಕೊನೆಗೆ ತನಗೆ ಮಲಗಲು ಮಂಚವೂ ಇರುವುದಿಲ್ಲ, ಇವರ ಬಾಯಿಗೆ ಕೊನೆಯೂ ಇರುವುದಿಲ್ಲ. ಬಾಗಿಲಲ್ಲಿ ಒಂದರ ಮೇಲೊಂದು ಇಣುಕುತ್ತಿದ್ದ ಆ ಮುಖಗಳನ್ನೆಲ್ಲ ಒಮ್ಮೆ ನೋಡಿ ಅವಳು ಗರಗಸವನ್ನು ಗೋಡೆಗೆ ಒರಗಿಸಿದಳು.

"ಬಿಡ್ರಿ ಮಾವ. ನಿಮ್ಮ ಕೈ ಒಪ್ಪೋವಷ್ಟು ಮರ ಈ ಸೀಮೆಲಿಲ್ಲ," ಅಂದು, ಅವರನ್ನು ದಾಟಿಕೊಂಡು ಎಲೆ ತೆಗೆಯಲು ಹೋದಳು.

ಬೆನಕಪ್ಪನವರು ಅದನ್ನು ಹೊಗಳಿಕೆ ಎಂದೇ ತಿಳಿದರು. ಸಂಜೆ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಅದನ್ನು ಹೇಳಿದರು.

ಆದರೆ ಆ ದಿನದಿಂದ ಬಸವರಾಜ ಚಾಪೆ ಬಿಡಿಸಿಡುವುದನ್ನು ನಿಲ್ಲಿಸಿದ. ಹೆಂಡತಿ ಏನೂ ಹೇಳಿರಲಿಲ್ಲ. ಅವಳು ಅವನನ್ನು ನೋಡುವ ನೋಟ ಅವನಿಗೆ ಮಲಗಿದರೂ ಕೂತರೂ ಚುಚ್ಚುತ್ತಿತ್ತು. ಮಳೆಗಾಲಕ್ಕೆ ಮುಂಚೆ ಅಜ್ಜಂಪುರದ ಸಂಘದಲ್ಲಿ ಜಾಗ ಖಾಲಿಯಾದಾಗ ಅಪ್ಪನನ್ನು ಕೇಳದೆ ತಾನೇ ಅರ್ಜಿ ಹಾಕಿದ. ವರ್ಗವಾದ ಸುದ್ದಿಯನ್ನು ಮನೆಯಲ್ಲಿ ಹೇಳುವಾಗ ಗೋಡೆ ನೋಡಿಕೊಂಡು ಹೇಳಿದ, ಆದರೂ ಹೇಳಿದ. ಬೆನಕಪ್ಪನವರು ಮಗನ ಜೊತೆ ಒಂದು ವಾರ ಮಾತು ಬಿಟ್ಟರು. ಆಮೇಲೆ, ಆ ಜೀವವಿಲ್ಲದ ಮಂಚವನ್ನೂ ಹೊತ್ತುಕೊಂಡು ಹೋಗಲಿ ಎಂದರು.

ಮಂಚದ ಭಾಗಗಳನ್ನು ಕಳಚಿ ಲಾರಿಗೆ ಏರಿಸುವಾಗ ತೀರ್ಥಮ್ಮ ಸೊಸೆಯ ಪಕ್ಕ ಬಂದು ನಿಂತರು. ಹಲಗೆ ಹಾದು ಹೋಗುವಾಗ ಅಂಗೈಯಿಂದ ಒಮ್ಮೆ ನೇವರಿಸಿದರು.

"ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತು ಕಣೇ. ತೇಗ ಅಂತ."

ವಿಮಲಮ್ಮ ತಿರುಗಿ ನೋಡಿದಳು. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿ ಏನಾಗ್ಬೇಕಿತ್ತು?" ಅಂದರು ಅತ್ತೆ. ಆಮೇಲೆ, ಬಿಸಿಲೇರುವ ಮೊದಲು ಹೊರಡಿ ಎಂದು ಬುತ್ತಿಯ ಗಂಟು ಕೈಗಿತ್ತರು. ಗೊತ್ತಿಲ್ಲದೆ ಕೈ ಒರೆಸಿಕೊಂಡು ಹೋದ ಆ ಹೆಂಗಸರಿಗಿಂತ, ಗೊತ್ತಿದ್ದೂ ಅಕ್ಕಿ ಆರಿಸುತ್ತಾ ಕೂತ ಈ ಹೆಂಗಸು ದೊಡ್ಡವಳೋ ಸಣ್ಣವಳೋ ಎಂದು ವಿಮಲಮ್ಮ ದಾರಿಯುದ್ದಕ್ಕೂ ಯೋಚಿಸಿದಳು. ಸಣ್ಣವಳು ಎಂದೇ ತೀರ್ಮಾನವಾಯಿತು. ಬುತ್ತಿಯ ರೊಟ್ಟಿ ಮಾತ್ರ ಮೆತ್ತಗಿತ್ತು.

ಅಜ್ಜಂಪುರದ ಬಾಡಿಗೆ ಮನೆ ಚಿಕ್ಕದು. ಒಂದು ಕಂಬ ಮೊಂಡಾದ ಮಂಚ ಮುಂದಿನ ಕೋಣೆಯಲ್ಲಷ್ಟೇ ಹಿಡಿಸಿತು. ಶಿವನಿ ಹತ್ತಿರವಾದ್ದರಿಂದ ಈರಭದ್ರಪ್ಪ ಒಂದು ಬೆಳಗ್ಗೆ ಮಗಳ ಮನೆ ನೋಡಲು ಬಂದರು. ವಯಸ್ಸಾಗಿತ್ತು. ಬಿಸಿಲಲ್ಲಿ ನಡೆದು ದಣಿದಿದ್ದರು. ಆದರೂ ಮಂಚದ ಮೇಲೆ ಕೂರದೆ ಗೋಡೆಗೆ ಒರಗಿ ಕೆಳಗೇ ಕೂತರು. ವಿಮಲಮ್ಮ ಕೊಯ್ದ ಕಂಬ ತೋರಿಸಿದಳು. ಬಸವ ಜಯಂತಿಯ ದಿನ ನಡೆದದ್ದನ್ನು ಹೇಳಿದಳು. ಒಳಗಿನ ಬಣ್ಣ ಇನ್ನೂ ಹಾಗೇ ಇದೆ, ಮೂಸಿ ನೋಡಿ ಎಂದಳು. ಅವರು ದೂರದಿಂದಲೇ ನೋಡಿದರು, ಮೂಸಲಿಲ್ಲ. ಕೈ ಮಡಿಲಲ್ಲೇ ಇತ್ತು.

"ಬೀಗ್ರು ಏನಂದ್ರವ್ವಾ ಕೊನೆಗೆ?" ಎಂದು ಕೇಳಿದರು.

ಅವಳಿಗೆ ಮೈ ಉರಿಯಿತು. ಎದುರಿಗೆ ಕೊಯ್ದ ತೇಗ ಇದೆ, ಕೇಳುವುದು ಬೀಗರ ಮಾತನ್ನು. ಇಡೀ ಲೋಕವೇ ಒಬ್ಬ ಕೊಬ್ಬರಿ ವ್ಯಾಪಾರಿಯ ಅಂಗೈಯ ಅಡಿಯಲ್ಲಿ ಇದೆಯೇನೋ ಅನ್ನಿಸಿತು. ನಾಲಿಗೆಯ ತುದಿಗೆ ಬಂದ ಮಾತು ಬಹಳ ಕೆಟ್ಟದಾಗಿತ್ತು. ಅಪ್ಪನ ಮುಖ ನೋಡಿದಳು. ಕಣ್ಣಿನ ಸುತ್ತ ಧೂಳು, ಒಣಗಿದ ತುಟಿ.

"ಒಪ್ಪಿದ್ರು ಅಪ್ಪಯ್ಯ. ಜೀವ ಐತೆ ಅಂದ್ರು," ಅಂದಳು.

ಈರಭದ್ರಪ್ಪ ನಿಧಾನಕ್ಕೆ ಎದ್ದರು. ಮಂಚದ ಹಲಗೆಯ ಮೇಲೆ ಕೈಯಿಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು, ಮಗಳ ಕಡೆ ತಿರುಗಿ, ನೋಡು, ಎಷ್ಟು ಬೆಚ್ಚಗಿದೆ, ನಾನು ಅವತ್ತೇ ಹೇಳಬೇಕೆಂದಿದ್ದೆ ಎಂದರು. ಆಮೇಲೆ ರುಮಾಲು ಬಿಚ್ಚಿ ತಲೆದಿಂಬಿನ ಪಕ್ಕ ಇಟ್ಟು, ಕಾಲು ಚಾಚಿ ಮಲಗಿದರು. ಕ್ಷಣದಲ್ಲೇ ಗೊರಕೆ ಶುರುವಾಯಿತು.

ವಿಮಲಮ್ಮ ಬಾಗಿಲ ಬಳಿ ನಿಂತು ನೋಡಿದಳು. ತುಟಿಯ ಮೂಲೆ ಮೇಲೇಳಲು ಹೋಗಿ ಅರ್ಧಕ್ಕೇ ನಿಂತಿತು. ಸಂಜೆಯ ರೈಲಿಗೆ ಅಪ್ಪನನ್ನು ಎಬ್ಬಿಸಬೇಕಿತ್ತು. ಅಲ್ಲಿಯವರೆಗೆ ಸದ್ದಾಗದಂತೆ ಬಾಗಿಲು ಎಳೆದುಕೊಂಡು ಅವಳು ಒಲೆ ಹಚ್ಚಲು ಹೋದಳು.